ಮರಳಿಗೆ ಬೇರೆ ಟಿಕೆಟ್

ದುಬೈಗೆ ಹೋಗಿ ಬಂದವರನ್ನು ಗುರುತು ಹಿಡಿಯಲು ಅವರ ಫೋನಿನಲ್ಲಿರುವ ಫೋಟೋ ನೋಡಬೇಕಾಗಿಲ್ಲ, ಮೂಗು ನೋಡಿದರೆ ಸಾಕು. ಕೆಂಪಗಾಗಿ ಸೊರಸೊರ ಅನ್ನುತ್ತಿರುತ್ತದೆ. “ಅದೇನು ಬಿಸಿಲು ಅಂತೀರಿ, ನಲವತ್ತೆರಡು ಡಿಗ್ರಿ!” ಎಂದು ಶುರು ಮಾಡಿದವರು ಮಾತು ಮುಗಿಸುವುದರೊಳಗೆ ಎರಡು ಸಲ ಸೀನಿರುತ್ತಾರೆ. ಮರಳುಗಾಡಿಗೆ ಹೋಗಿ ಶೀತ ಹಿಡಿಸಿಕೊಂಡು ಬರುವುದು ಪುಕ್ಕಟೆ ಆಗುವ ಕೆಲಸವಲ್ಲ, ಸಾಕಷ್ಟು ದುಡ್ಡು ಸುರಿಯಬೇಕು. ಮನೆಯಿಂದ ಕಾರು, ಕಾರಿನಿಂದ ಮಾಲು, ಮಾಲಿನಿಂದ ಮೆಟ್ರೋ, ಎಲ್ಲೆಲ್ಲೂ ಎ.ಸಿ. ಬಸ್ ಸ್ಟಾಪಿಗೂ ಗಾಜಿನ ಗೋಡೆ ಕಟ್ಟಿ, ಬಾಗಿಲಿಟ್ಟು, ಒಳಗೆ ಎ.ಸಿ. ಬಿಟ್ಟಿರುವ ಊರು ಅದು. ಆದ್ದರಿಂದ ಯಾರಾದರೂ “ದುಬೈಗೆ ಹೊರಟಿದ್ದೀವಿ, ಏನೇನು ತಗೊಂಡು ಹೋಗಬೇಕು?” ಎಂದು ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡು ಹೇಳುವುದು ಇಷ್ಟೇ: ಒಂದು ಸ್ವೆಟರು, ಒಂದು ಶಾಲು, ಒಂದು ಡಬ್ಬಿ ವಿಕ್ಸ್.

ಹಾಗೆ ಕೇಳುವವರೂ ಈಗ ಜಾಸ್ತಿ. ಹಿಂದೆ ದುಬೈ ಅಂದರೆ ದುಡಿಯಲು ಹೋಗುವ ಊರು. ಭಟ್ಕಳ, ಉಡುಪಿ, ಮಂಗಳೂರಿನ ಕಡೆಯವರು ಹೋಗುತ್ತಿದ್ದರು. ರಜಕ್ಕೆ ಬರುವಾಗ ಟೈಗರ್ ಬಾಮ್, ಟ್ಯಾಂಗ್ ಪುಡಿ, ನಿಡೋ ಹಾಲಿನ ಡಬ್ಬ, ಘಮ್ಮೆನ್ನುವ ಸೋಪು ತರುತ್ತಿದ್ದರು. ಸೋಪು ಕೊಟ್ಟರೆ ಪಡೆದವರು ಅದನ್ನು ಹಚ್ಚಿಕೊಳ್ಳದೆ ಬೀರುವಿನ ಸೀರೆಗಳ ನಡುವೆ ಇಡುತ್ತಿದ್ದರು. ಈಗ ಹಾಸನ, ತುಮಕೂರು, ದಾವಣಗೆರೆಯವರು ಹೋಗುತ್ತಾರೆ, ದುಡಿಯಲಿಕ್ಕಲ್ಲ, ದುಡಿದದ್ದನ್ನು ಕರಗಿಸಲಿಕ್ಕೆ. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕು ಗಂಟೆ. ಸಿಲ್ಕ್ ಬೋರ್ಡ್ ಕಡೆಯಿಂದ ಹೊರಟವರಿಗೆ ವಿಮಾನ ನಿಲ್ದಾಣ ಮುಟ್ಟಲಿಕ್ಕೇ ಅದರಲ್ಲಿ ಅರ್ಧ ಬೇಕು.

ನಾವು ಹೋದದ್ದು 2025ರ ಮೇ ತಿಂಗಳಲ್ಲಿ. ಬುದ್ಧಿವಂತರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿಬರುತ್ತಾರೆ. ಶಾಲೆಗೆ ರಜ, ಟಿಕೆಟ್ಟಿಗೆ ಅಗ್ಗ ಎರಡನ್ನೂ ನೋಡುವವರು ಮೇಯಲ್ಲಿ ಹೋಗುತ್ತಾರೆ. ನಾನು, ನನ್ನವಳು, ಜೊತೆಗೆ ಸೋದರಮಾವ ಮತ್ತು ಅತ್ತೆ. ಮಾವನ ಮಗ, ಅಂದರೆ ನನ್ನ ಬಾಮೈದ, ಅಲ್ಲಿ ಸಂಸಾರ ಹೂಡಿ ಬಹಳ ವರ್ಷವಾಯಿತು. ಮಾವ ನೀರು ಸರಬರಾಜಿನಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಅವರ ಜೊತೆ ಯಾವ ಊರಿಗೆ ಹೋದರೂ ದೇವಸ್ಥಾನದ ಗೋಪುರ ನೋಡುವ ಮೊದಲು ಓವರ್‌ಹೆಡ್ ಟ್ಯಾಂಕ್ ನೋಡಬೇಕು. ಬೇಲೂರಿಗೆ ಕರೆದುಕೊಂಡು ಹೋದರೆ ಶಿಲಾಬಾಲಿಕೆಯರ ಕೆಳಗೆ ನಿಂತು, ಮಳೆನೀರು ಯಾವ ಕಡೆಗೆ ಹರಿದು ಹೋಗುತ್ತದೆ ಅಂತ ನೆಲ ನೋಡುವ ಜಾತಿ.

ಹೊರಡುವ ಮೊದಲೇ ಒಂದು ಗಲಾಟೆ ಆಯಿತು. ಅತ್ತೆ ಮೊಮ್ಮಗನಿಗೆ ಪಾಯಸ ಮಾಡಿಕೊಡಬೇಕೆಂದು ಅರ್ಧ ಕಿಲೋ ಗಸಗಸೆ ಕಟ್ಟಿಟ್ಟಿದ್ದರು. ಹಿಂದಿನ ರಾತ್ರಿ ಬಾಮೈದ ವಿಡಿಯೋ ಕಾಲ್ ಮಾಡಿ ಪೆಟ್ಟಿಗೆಯಲ್ಲಿ ಏನೇನಿದೆ ಅಂತ ಒಂದೊಂದೇ ವಿಚಾರಿಸುತ್ತಾ ಬಂದವನು ಗಸಗಸೆ ಅನ್ನುತ್ತಲೇ ಕೂತಲ್ಲಿಂದ ಎದ್ದು ನಿಂತ. “ಅಮ್ಮಾ, ಅದನ್ನ ಈಗಲೇ ತೆಗಿ. ಇಲ್ಲಿ ಗಸಗಸೆ ನಿಷೇಧ. ಸಿಕ್ಕಿಬಿದ್ದರೆ ಜೈಲು.” ಅಫೀಮಿನ ಗಿಡದ್ದೇ ಬೀಜವಲ್ಲವೇ, ಆ ದೇಶದ ಕಾನೂನಿನಲ್ಲಿ ಅದೂ ಮಾದಕ ವಸ್ತುವಿನ ಲೆಕ್ಕಕ್ಕೇ ಬರುತ್ತದೆ. ಅತ್ತೆಗೆ ನಂಬಿಕೆ ಬರಲಿಲ್ಲ. “ಗಸಗಸೆಗೆ ಜೈಲಾ? ಹಾಗಾದ್ರೆ ನಿನ್ನ ಮದುವೇಲಿ ಊಟ ಮಾಡಿದೋರೆಲ್ಲ ಇವತ್ತಿಗೂ ಒಳಗೇ ಇರಬೇಕಿತ್ತು ಬಿಡು” ಅಂದರು. ಆಮೇಲೆ ಸಾಗುವಿನ ಮಸಾಲೆಪುಡಿಯಲ್ಲಿ ಗಸಗಸೆ ಹುರಿದು ಹಾಕಿದ್ದು ನೆನಪಾಗಿ ಆ ಡಬ್ಬವೂ ಹೊರಗೆ ಬಂತು. ವೀಳ್ಯದೆಲೆಯೂ ಬೇಡ ಅಂದಾಗ ಮಾವ ತಮ್ಮ ಅಡಿಕೆ ಸಂಚಿಯನ್ನು ದೇವರ ಮುಂದೆ ಇಟ್ಟು ನಿಟ್ಟುಸಿರುಬಿಟ್ಟರು.

ದುಬೈ ನಿಮ್ಮನ್ನು ಮೊದಲು ಹಿಡಿಯುವುದು ಕನ್ನಡಕದಲ್ಲಿ. ವಿಮಾನ ನಿಲ್ದಾಣದೊಳಗಿನ ಕೊರೆಯುವ ಚಳಿಯಿಂದ ಗಾಜಿನ ಬಾಗಿಲು ದಾಟಿ ಹೊರಗೆ ಕಾಲಿಟ್ಟ ಕ್ಷಣಕ್ಕೆ ಮಾವನ ಕನ್ನಡಕದ ಎರಡೂ ಗಾಜು ಬೆಳ್ಳಗೆ ಮಂಜು ಹಿಡಿದು, ಎದುರಿಗಿದ್ದ ಮಗ ಸೊಸೆ ಇಬ್ಬರೂ ಮಾಯವಾದರು. ಸಮುದ್ರದ ಪಕ್ಕದ ಊರಾದ್ದರಿಂದ ಬಿಸಿಲಿನ ಜೊತೆ ಒದ್ದೆ ಗಾಳಿಯೂ ಸೇರಿಕೊಂಡಿರುತ್ತದೆ, ಮರಳುಗಾಡು ಅಂದರೆ ಒಣಹವೆ ಎಂದು ಪಾಠ ಓದಿದವರೆಲ್ಲ ಅಲ್ಲಿ ಮಂಗಳೂರಿನ ಸೆಕೆಯಲ್ಲಿ ಬೇಯುತ್ತಾರೆ. ಮಾವ ಕನ್ನಡಕ ಒರೆಸಿ ಹಾಕಿಕೊಂಡು ಮೊದಲು ಕೇಳಿದ್ದು, “ಇಲ್ಲಿ ನೀರು ಎಲ್ಲಿಂದ ಬರುತ್ತೋ?” ಮಗ ಟ್ರಾಲಿ ತಳ್ಳುತ್ತಾ “ಸಮುದ್ರದಿಂದ” ಅಂದ. ಮಾವ ಅದನ್ನು ಜೋಕು ಅಂದುಕೊಂಡರು. ಜೋಕಲ್ಲ. ಆ ಊರಿನ ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಕಡಲ ನೀರೇ. ಜೆಬೆಲ್ ಅಲಿ ಎಂಬಲ್ಲಿ ವಿದ್ಯುತ್ತು ಮತ್ತು ನೀರು ಎರಡನ್ನೂ ಒಟ್ಟಿಗೆ ತಯಾರಿಸುವ ದೊಡ್ಡ ಕಾರ್ಖಾನೆಯಿದೆ. “ಹೊಳೆ ಇಲ್ಲ, ಕೆರೆ ಇಲ್ಲ, ಬೋರ್‌ವೆಲ್ ಇಲ್ಲ, ಇಷ್ಟು ದೊಡ್ಡ ಊರಾ!” ಅಂತ ಮಾವ ಕಾರಿನ ಕಿಟಕಿಗೆ ಮೂಗು ಒತ್ತಿ ಕೂತರು. ನಮ್ಮ ಕಣ್ಣು ಕಟ್ಟಡಗಳ ತುದಿಯಲ್ಲಿ, ಅವರದು ಬುಡದಲ್ಲಿ.

ಮಾರನೆಯ ಬೆಳಿಗ್ಗೆ ಸ್ನಾನದ ಮನೆಯಿಂದ ಮಾವನ ಕೂಗು ಕೇಳಿತು. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತಿದೆ! ಬಾಮೈದ ಬಾಗಿಲ ಹೊರಗೆ ನಿಂತು ನಿರಾಳವಾಗಿ ಹೇಳಿದ: “ಅಪ್ಪಾ, ಬಿಸಿನೀರಿನ ನಲ್ಲಿ ತಿರುಗಿಸು, ತಣ್ಣೀರು ಬರುತ್ತೆ.” ಸಂಗತಿ ಏನೆಂದರೆ, ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ತಾನಾಗಿಯೇ ಕುದಿಯುವಷ್ಟು ಕಾದಿರುತ್ತದೆ. ಗೀಸರ್ ಇರುವುದು ಎ.ಸಿ. ಮನೆಯೊಳಗೆ. ಅದರ ಸ್ವಿಚ್ ಆರಿಸಿಟ್ಟರೆ ಒಳಗಿನ ನೀರು ರಾತ್ರಿಯೆಲ್ಲ ತಣ್ಣಗಾಗುತ್ತದೆ. ಹಾಗಾಗಿ ಅಲ್ಲಿನ ಸಂಸಾರಸ್ಥರು ಬೇಸಿಗೆಯಲ್ಲಿ ಗೀಸರನ್ನು ಬಳಸುವುದು ನೀರು ತಣಿಸಲಿಕ್ಕೆ. ಮಾವ ಈ ವಿದ್ಯೆ ಕೇಳಿ ಪುಳಕಿತರಾದರು. ಅವರ ಮಟ್ಟಿಗೆ ದುಬೈ ಪ್ರವಾಸ ಅಲ್ಲಿಗೇ ಸಾರ್ಥಕವಾಗಿತ್ತು, ಮುಂದಿನದೆಲ್ಲ ಲಾಭ.

ಮುಂದಿನದಕ್ಕೆ ಕಾಸು ಬೇಕಲ್ಲ. ದುಬೈಯಲ್ಲಿ ನಮ್ಮವರು ನಡೆಯುವುದೇ ಇಪ್ಪತ್ಮೂರರ ಮಗ್ಗಿ ಹೇಳಿಕೊಂಡು. ಒಂದು ದಿರ್ಹಮಿಗೆ ಇಪ್ಪತ್ಮೂರು ರೂಪಾಯಿಯ ಲೆಕ್ಕ ಆಗ. ಮೂರು ದಿರ್ಹಮಿನ ನೀರಿನ ಬಾಟಲಿ ಎತ್ತಿದ ಕೈ, ಅರವತ್ತೊಂಬತ್ತು ಎಂದು ಗೊತ್ತಾದ ಕೂಡಲೇ ಅದನ್ನು ಮಗುವಿನಷ್ಟು ಜೋಪಾನವಾಗಿ ಕೆಳಗಿಡುತ್ತದೆ. “ಭಾವ, ಗುಣಿಸೋದು ಬಿಡಿ, ಗುಣಿಸಿದೋರು ಇಲ್ಲಿ ಉಪವಾಸ ಸಾಯ್ತಾರೆ” ಎಂಬುದು ಬಾಮೈದನ ಬುದ್ಧಿವಾದ. ಅವನಿಗೇನು, ದಿರ್ಹಮಿನಲ್ಲಿ ಸಂಬಳ. ಆದರೆ ಈ ಗುಣಾಕಾರದ ಕಷ್ಟವೇ ಇಲ್ಲದ ಒಂದು ಕಾಲವಿತ್ತು. 1966ರವರೆಗೆ ದುಬೈಯ ಅಂಗಡಿಯಲ್ಲಿ ಓಡುತ್ತಿದ್ದದ್ದು ರೂಪಾಯಿಯೇ! ಅಲ್ಲಿಂದ ಚಿನ್ನ ಕದ್ದು ಸಾಗಿಸುವವರ ಕಾಟ ತಾಳಲಾರದೆ 1959ರಲ್ಲಿ ನಮ್ಮವರು ಕೊಲ್ಲಿ ನಾಡಿಗೆಂದೇ ಬೇರೆ ಬಣ್ಣದ ರೂಪಾಯಿ ನೋಟು ಅಚ್ಚು ಹಾಕಿಸಿ ಕೊಟ್ಟಿದ್ದರು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಅವರು ಕೈಮುಗಿದು ದೂರ ಸರಿದರು. ಅದೇ 1966ರಲ್ಲಿ ಅವರ ಕಡಲಲ್ಲಿ ಎಣ್ಣೆ ಸಿಕ್ಕಿತು. ಕೆಲವರ ಜಾತಕವೇ ಹಾಗಿರುತ್ತದೆ.

ಬುರ್ಜ್ ಖಲೀಫಾ ನೋಡದೆ ಬಂದರೆ ಊರಿನಲ್ಲಿ ಯಾರೂ ಮಾತಾಡಿಸುವುದಿಲ್ಲ. 828 ಮೀಟರ್ ಎತ್ತರ. ಕೆಳಗೆ ನಿಂತು ನೋಡಿದರೆ ಕತ್ತು ಉಳುಕುತ್ತದೆ, ಮೇಲೆ ಹತ್ತಬೇಕಾದರೆ ಜೇಬು ಉಳುಕುತ್ತದೆ. ತಲೆಗೆ ನೂರೈವತ್ತು ದಿರ್ಹಮಿಗೂ ಮೇಲೆ, ಸೂರ್ಯ ಮುಳುಗುವ ಹೊತ್ತಿಗೆ ಹೋಗುತ್ತೇನೆಂದರೆ ಇನ್ನೂ ಜಾಸ್ತಿ; ಸೂರ್ಯನಿಗೂ ಅಲ್ಲಿ ಪೀಕ್ ಅವರ್ ಇದೆ. ಕಟ್ಟುವಾಗ ಅದಕ್ಕಿದ್ದ ಹೆಸರು ಬುರ್ಜ್ ದುಬೈ. ಅಷ್ಟರಲ್ಲಿ ದುಬೈ ಸಾಲದಲ್ಲಿ ಮುಳುಗಿತು, ಪಕ್ಕದ ಅಬುಧಾಬಿ ಸಾವಿರಾರು ಕೋಟಿ ಡಾಲರಿನ ಲೆಕ್ಕದಲ್ಲಿ ಕೈಹಿಡಿದು ಎತ್ತಿತು, 2010ರ ಜನವರಿ 4ರ ಗೃಹಪ್ರವೇಶದ ದಿನ ನೋಡಿದರೆ ಹೆಸರು ಬುರ್ಜ್ ಖಲೀಫಾ, ಅಬುಧಾಬಿಯ ಆಗಿನ ದೊರೆಯ ಹೆಸರು. ಇದೊಂದು ವಿಷಯದಲ್ಲಿ ಅರಬರನ್ನು ಮೆಚ್ಚಬೇಕು. ನಮ್ಮಲ್ಲಿ ಇಪ್ಪತ್ತು ವರ್ಷದ ಗೃಹಸಾಲ ಕೊಟ್ಟ ಬ್ಯಾಂಕಿನ ಹೆಸರನ್ನು ಯಾರಾದರೂ ಮನೆಗೆ ಇಟ್ಟಿದ್ದಾರೆಯೇ? ಕಂತು ಕಟ್ಟುವುದು ಬ್ಯಾಂಕಿಗೆ, ಬೋರ್ಡು ಮಾತ್ರ ‘ಮಾತೃಕೃಪಾ’.

ಲಿಫ್ಟು ಸುಮಾರು ಒಂದು ನಿಮಿಷದಲ್ಲಿ 124ನೇ ಮಹಡಿಗೆ ಒಯ್ದು ಬಿಟ್ಟಿತು. ಅಲ್ಲಿ ಏನಿದೆ ಅಂದರೆ, ಕಿಟಕಿ ಇದೆ. ಕಿಟಕಿಯ ಆಚೆ ಧೂಳಿನ ಬಣ್ಣದ ಆಕಾಶ, ಬೆಂಕಿಪೊಟ್ಟಣದಂಥ ಕಟ್ಟಡಗಳು. ಈಚೆ, ಕಿಟಕಿಗೆ ಬೆನ್ನು ಮಾಡಿ ತಮ್ಮದೇ ಫೋಟೋ ತೆಗೆದುಕೊಳ್ಳುತ್ತಿರುವ ಜನ. ಇಷ್ಟು ದುಡ್ಡು ಕೊಟ್ಟು ಹತ್ತಿ ಒಬ್ಬರೂ ಕೆಳಗೆ ನೋಡುವುದಿಲ್ಲ. ಮಾವ ಒಬ್ಬರೇ ನೋಡುತ್ತಿದ್ದರು, ಅದೂ ಕೆಳಗಲ್ಲ, ಗಾಜನ್ನೇ. “ಇದನ್ನ ಯಾರೋ ಒರೆಸೋದು?” ಇಪ್ಪತ್ನಾಲ್ಕು ಸಾವಿರಕ್ಕೂ ಹೆಚ್ಚು ಕಿಟಕಿಗಳು, ಒಂದು ಸುತ್ತು ಒರೆಸಿ ಮುಗಿಸಲು ಮೂರು ತಿಂಗಳಾದರೂ ಬೇಕು. ಮುಗಿಯುವ ಹೊತ್ತಿಗೆ ಮೊದಲು ಒರೆಸಿದ ಕಡೆ ಮತ್ತೆ ಧೂಳು ಕೂತಿರುತ್ತದೆ, ಪುನಃ ಶುರು. ಇದನ್ನು ಕೇಳಿ ಅತ್ತೆ ಮೊದಲ ಸಲ ಆ ಕಟ್ಟಡದ ಬಗ್ಗೆ ಕನಿಕರದಿಂದ ಮಾತಾಡಿದರು.

ಇನ್ನೊಂದು ಸೊಗಸಿನ ಸಂಗತಿ ಇದೆ. ನೆಲದಲ್ಲಿದ್ದವರಿಗೆ ಸೂರ್ಯ ಮುಳುಗಿದರೂ ಮೇಲಿನ ಮಹಡಿಯವರಿಗೆ ಇನ್ನೂ ಕಾಣುತ್ತಿರುತ್ತಾನಲ್ಲ? ರಂಜಾನ್ ಉಪವಾಸ ಬಿಡುವುದು ಯಾವಾಗ? 2011ರಲ್ಲಿ ದುಬೈಯ ಧರ್ಮಗುರುಗಳು ತೀರ್ಮಾನ ಹೇಳಿದರು: ಎಂಬತ್ತನೇ ಮಹಡಿಯಿಂದ ಮೇಲಿನವರು ಎರಡು ನಿಮಿಷ ತಡವಾಗಿ, ನೂರೈವತ್ತರಿಂದ ಮೇಲಿನವರು ಮೂರು ನಿಮಿಷ ತಡವಾಗಿ. ಮೇಲೆ ಹೋದಷ್ಟೂ ಖರ್ಜೂರ ತಡ.

ಮಾವನಿಗೆ ಇದಕ್ಕಿಂತ ರುಚಿಸಿದ್ದು ಬೇರೆ. ಆ ಕಟ್ಟಡಕ್ಕೆ ಕಾಂಕ್ರೀಟ್ ಹಾಕುವಾಗ ಬೇಸಿಗೆಯಲ್ಲಿ ಹಗಲು ಸಾಧ್ಯವೇ ಆಗದೆ ರಾತ್ರಿ ಹೊತ್ತು, ಮಿಶ್ರಣಕ್ಕೆ ಐಸ್ ಸೇರಿಸಿ ಹಾಕಿದರಂತೆ. ಈಗ ಅದರ ಎ.ಸಿ. ಯಂತ್ರಗಳಿಂದ ಇಳಿಯುವ ನೀರನ್ನೆಲ್ಲ ಕೆಳಗಿನ ತೊಟ್ಟಿಗೆ ಕೂಡಿಸಿ ತೋಟಕ್ಕೆ ಬಿಡುತ್ತಾರೆ. ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಗ್ಯಾಲನ್. “ಕಟ್ಟಡದ ಬೆವರಿನಲ್ಲಿ ಗಿಡ ಬೆಳೆಸ್ತಿದಾರೆ ಕಣೋ” ಎಂದು ಮಾವ ಕೆಳಗಿಳಿದವರೇ ಆ ಗಿಡಗಳನ್ನು ನೋಡಲು ನಡೆದರು. ಬುಡದಲ್ಲಿರುವ ಹೆಸರಾಂತ ಕಾರಂಜಿ ಆಗ ದುರಸ್ತಿಗೆಂದು ಮುಚ್ಚಿತ್ತು. ನಾವೆಲ್ಲ ಮುಖ ಸಪ್ಪಗೆ ಮಾಡಿಕೊಂಡೆವು. ಮಾವ ಮಾತ್ರ ಬರಿದಾದ ಕೊಳದ ಕಡೆ ಹಣಕಿ ಹಾಕಿ, “ಪೈಪ್‌ಲೈನ್ ಕಾಣ್ತಾ ಇದೆ, ಒಳ್ಳೇ ಟೈಮಲ್ಲಿ ಬಂದಿದೀವಿ” ಅಂದರು.

ಮಾಲುಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ದುಬೈ ಮಾಲಿನಲ್ಲಿ 1,200ಕ್ಕೂ ಹೆಚ್ಚು ಅಂಗಡಿಗಳಿವೆ, ಶಾರ್ಕ್ ಮೀನಿನ ತೊಟ್ಟಿಯಿದೆ, ಡೈನೋಸಾರಿನ ನಿಜವಾದ ಅಸ್ಥಿಪಂಜರವಿದೆ. ಅದಕ್ಕೂ ಆಫರ್ ಇದ್ದರೆ ನಮ್ಮವಳು ಬೆಲೆ ವಿಚಾರಿಸುವವಳೇ. ಇನ್ನೊಂದು ಮಾಲಿನಲ್ಲಿ 2005ರಿಂದ ಹಿಮದ ಬೆಟ್ಟವಿದೆ, 85 ಮೀಟರ್ ಎತ್ತರದ್ದು, ಸೂರಿನ ಕೆಳಗೆ. ಹೊರಗೆ ನಲವತ್ತೆರಡು, ಒಳಗೆ ಸೊನ್ನೆಗಿಂತ ಕೆಳಗೆ. ಪೆಂಗ್ವಿನ್‌ಗಳು ಸಾಲಾಗಿ ಬಂದು ನಿಲ್ಲುತ್ತವೆ. ಬಾಡಿಗೆಯ ದಪ್ಪ ಕೋಟು ತೊಟ್ಟು ನಮ್ಮನ್ನು ನಾವೇ ನೋಡಿಕೊಂಡಾಗ, ನಾವು ಅವುಗಳನ್ನು ನೋಡಲು ಬಂದಿದ್ದೇವೋ ಅವು ನಮ್ಮನ್ನೋ ಎಂದು ಗೊತ್ತಾಗಲಿಲ್ಲ. ಕೋಟ್ಯಂತರ ಹೂವಿರುವ ತೋಟ ನೋಡಿದೆವು. ಕಡಲಲ್ಲಿ ಕಟ್ಟಿದ ದ್ವೀಪ ನೋಡಿದೆವು, ಅಂದರೆ ನೋಡಲಿಲ್ಲ. ಪಾಮ್ ಜುಮೇರಾ ತಾಳೆಮರದ ಆಕಾರದಲ್ಲಿದೆ ಎನ್ನುತ್ತಾರೆ. ಅದರ ಮೇಲೆ ಓಡಾಡುವವನಿಗೆ ಅದೊಂದು ರಸ್ತೆ, ಅಕ್ಕಪಕ್ಕ ಮನೆ, ಅಷ್ಟೇ. ಆಕಾರ ಕಾಣಬೇಕಾದರೆ ಅಲ್ಲಿಯೇ ಇನ್ನೊಂದು ಎತ್ತರದ ಕಟ್ಟಡ ಹತ್ತಬೇಕು, 52ನೇ ಮಹಡಿಗೆ. ಟಿಕೆಟ್ ಬೇರೆ. ನಾನು ಮನೆಗೆ ಬಂದು ಫೋನಿನ ನಕಾಶೆಯಲ್ಲಿ ಪುಕ್ಕಟೆ ನೋಡಿದೆ, ಚೆನ್ನಾಗಿದೆ.

ಇಷ್ಟೆಲ್ಲ ಆದ ಮೇಲೆ ಅತ್ತೆ ಒಂದು ಸಂಜೆ ಕೇಳಿದರು: “ಅಲ್ಲಪ್ಪಾ, ಹಿಮ ನೋಡಿದ್ವಿ, ಮೀನು ನೋಡಿದ್ವಿ, ಹೂವು ನೋಡಿದ್ವಿ. ಮರಳುಗಾಡು ಅಂದ್ರಲ್ಲ, ಮರಳೆಲ್ಲಿ?”

ನ್ಯಾಯವಾದ ಪ್ರಶ್ನೆ. ಊರಿನೊಳಗೆ ಬರಿಮಣ್ಣು ಕಾಣುವುದೇ ಕಷ್ಟ. ರಸ್ತೆ ಬದಿಯೆಲ್ಲ ಹುಲ್ಲು, ಪೆಟೂನಿಯ ಹೂವಿನ ಪಾತಿ, ಖರ್ಜೂರದ ಸಾಲು. ಮರಳು ನೋಡಬೇಕಾದರೆ ಬುಕ್ಕಿಂಗ್ ಮಾಡಿಸಬೇಕು. ಮಧ್ಯಾಹ್ನ ಮೂರಕ್ಕೆ ಮನೆ ಬಾಗಿಲಿಗೆ ಗಾಡಿ ಬರುತ್ತದೆ, ರಾತ್ರಿ ಒಂಬತ್ತಕ್ಕೆ ತಂದು ಬಿಡುತ್ತದೆ. ಇದಕ್ಕೆ ಡೆಸರ್ಟ್ ಸಫಾರಿ ಎಂದು ಹೆಸರು. ಮರಳುಗಾಡಿನ ಊರಿಗೆ ಹೋಗಿ ಮರಳಿಗೆ ಬೇರೆ ಟಿಕೆಟ್ ತೆಗೆದುಕೊಳ್ಳುವ ಭಾಗ್ಯ ನಮ್ಮದು.

ಲ್ಯಾಂಡ್ ಕ್ರೂಸರ್ ಓಡಿಸುವಾತ ಪೇಶಾವರದ ಕಡೆಯವನು, ಹಿಂದಿ ಸಿನಿಮಾದ ಹಾಡನ್ನೆಲ್ಲ ಬಾಯಿಪಾಠ ಮಾಡಿಕೊಂಡವನು. ಟಾರು ರಸ್ತೆ ಮುಗಿದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರದ ಗಾಳಿಯನ್ನು ಸುಯ್ಯೆಂದು ಅರ್ಧಕ್ಕರ್ಧ ಬಿಟ್ಟ. “ಪಂಕ್ಚರ್ ಮಾಡ್ತಿದಾನಲ್ಲೋ!” ಎಂದು ಅತ್ತೆ ಗಾಬರಿಯಾದರು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಮರಳಲ್ಲಿ ಹೂತುಕೊಳ್ಳುವುದಿಲ್ಲ. ಆಮೇಲೆ ಅರ್ಧ ಗಂಟೆ ನಡೆದದ್ದನ್ನು ವಿವರಿಸುವ ಅಗತ್ಯವಿಲ್ಲ. ದಿಣ್ಣೆಯ ನೆತ್ತಿಗೆ ಹತ್ತಿಸಿ, ಅಲ್ಲಿಂದ ಅಡ್ಡಡ್ಡ ಜಾರಿಸಿ, ಕಿಟಕಿಗೆ ಮರಳು ಎರಚಿ, ಪುನಃ ಹತ್ತಿಸಿ. ಸೀಟಿನ ಹಿಂದೆ ಪ್ಲಾಸ್ಟಿಕ್ ಚೀಲಗಳನ್ನು ಮೊದಲೇ ಸಿಕ್ಕಿಸಿಟ್ಟಿದ್ದ. ಅನುಭವಸ್ಥ. ನನ್ನವಳು ಒಂದನ್ನು ಉಪಯೋಗಿಸಿದಳು, ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಗಾಡಿ ನಿಂತಾಗ ಮಾವ ಚಪ್ಪಲಿ ಬಿಟ್ಟು ಇಳಿದರು. ಮರಳು ಕೆಂಪು ಮಿಶ್ರಿತ ಹಳದಿ, ಗಾಳಿ ಎಳೆದ ಸಣ್ಣ ಸಣ್ಣ ಅಲೆಗಳು ಕಾಲಿಡುವ ಮೊದಲು ಒಂದೂ ಕೆಟ್ಟಿರಲಿಲ್ಲ. ಒಂದು ಹಿಡಿ ಎತ್ತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡಿದರು, ಕಿವಿಯ ಹತ್ತಿರ ಹಿಡಿದು ತಿಕ್ಕಿದರು, ಅಂಗೈ ಬಿಡಿಸಿದರು. ಒಂದು ಕಣವೂ ಅಂಟಿಕೊಳ್ಳದೆ ಜಾರಿ ಹೋಯಿತು. “ಇದು ಗಾರೆಗೆ ಆಗೋಲ್ಲ ಕಣೋ. ಗಾಳೀಲಿ ಉರುಳಿ ಉರುಳಿ ನುಣ್ಣಗಾಗಿಬಿಟ್ಟಿದೆ, ಹಿಡಿತವೇ ಇಲ್ಲ.” ಮಾತು ನಿಜ. ಸುತ್ತ ಕಣ್ಣು ಹಾಯುವಷ್ಟು ದೂರ ಮರಳಿದ್ದರೂ ಆ ತಾಳೆಮರದ ದ್ವೀಪ ಕಟ್ಟುವಾಗ ಅದು ಉಪಯೋಗಕ್ಕೆ ಬರಲಿಲ್ಲ. ಒಂಬತ್ತು ಕೋಟಿ ಘನಮೀಟರಿಗೂ ಹೆಚ್ಚು ಮರಳನ್ನು ಸಮುದ್ರದ ತಳದಿಂದ ಹಡಗಿನಲ್ಲಿ ಹೀರಿ ತಂದು, ಪಿಚಕಾರಿಯಲ್ಲಿ ಚಿಮ್ಮಿಸಿದರು. ನಮ್ಮ ಹೊಳೆದಂಡೆಯ ಮರಳು ಮಾಫಿಯಾದವರು ಈ ಸುದ್ದಿ ಕೇಳಿದರೆ ಅತ್ತುಬಿಟ್ಟಾರು.

ಶಿಬಿರದಲ್ಲಿ ಒಂಟೆ ಸವಾರಿ, ಮೆಹಂದಿ, ದೀಪದ ಲಂಗ ತೊಟ್ಟು ಗಿರಗಿರ ಸುತ್ತುವ ತನೂರಾ ಕುಣಿತ, ಬೆಂಕಿಯಾಟ. ಸಸ್ಯಾಹಾರಿಗಳಿಗೆ ಬೇರೆ ಸಾಲು, ಅದರಲ್ಲಿ ದಾಲ್, ಜೀರಾ ರೈಸ್, ಪನೀರ್. ಮರಳುಗಾಡಿನ ಅಲೆಮಾರಿ ಬೆದುಯಿನರ ಬದುಕು ತೋರಿಸುತ್ತೇವೆಂದು ಕರೆತಂದು ಪನೀರ್ ಬಡಿಸಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಇನ್ನೆರಡು ತುಂಡು ಹಾಕಿ ಅನ್ನುತ್ತಾರೆ. ಒಂಟೆಗಳು ಮಾತ್ರ ಯಾವ ಉತ್ಸಾಹವೂ ಇಲ್ಲದೆ, ಸರ್ಕಾರಿ ಕಚೇರಿಯ ಮಧ್ಯಾಹ್ನದ ಮುಖಮಾಡಿಕೊಂಡು ಏಳುತ್ತಿದ್ದವು, ಕೂರುತ್ತಿದ್ದವು. ಅವುಗಳಲ್ಲೂ ಶ್ರೀಮಂತರಿದ್ದಾರೆ. ಚಳಿಗಾಲದಲ್ಲಿ ನಡೆಯುವ ಒಂಟೆ ಓಟದಲ್ಲಿ ಓಡುವ ಒಂಟೆಗಳ ಬೆಲೆ ಗುಣಿಸುವ ಧೈರ್ಯ ನನಗಿಲ್ಲ. ಹಿಂದೆ ಅವುಗಳ ಬೆನ್ನಿಗೆ ಪಾಕಿಸ್ತಾನ, ಬಾಂಗ್ಲಾ, ಸೂಡಾನಿನ ಬಡ ಮಕ್ಕಳನ್ನು ಕಟ್ಟಿ ಓಡಿಸುತ್ತಿದ್ದರು. 2005ರಲ್ಲಿ ಕಾನೂನು ಬಂದು ಅದು ನಿಂತಿತು. ಈಗ ಕೂರುವುದು ಎರಡು-ಮೂರು ಕಿಲೋ ತೂಕದ ರೋಬಾಟು, ಬಣ್ಣದ ಅಂಗಿ ತೊಟ್ಟು, ಕೈಯಲ್ಲಿ ಚಾವಟಿ ಹಿಡಿದು. ಯಜಮಾನ ಪಕ್ಕದ ರಸ್ತೆಯಲ್ಲಿ ಕಾರಿನೊಳಗೆ ಎ.ಸಿ. ಹಾಕಿಕೊಂಡು, ರಿಮೋಟ್ ಒತ್ತುತ್ತಾ ಒಂಟೆಯ ಜೊತೆ ಜೊತೆಗೇ ಓಡುತ್ತಾನೆ. ನಮ್ಮ ಕಂಬಳದವರು ಇದನ್ನು ನೋಡಿದರೆ ಕೆಸರಿಗೆ ಇಳಿಯದೆ ಓಡಿಸುವುದು ಓಟವೇ ಅಲ್ಲ ಎಂದಾರು.

ಮಾವನಿಗೆ ಊರಿನೊಳಗೆ ಒಬ್ಬ ಸ್ನೇಹಿತ ಸಿಕ್ಕಿದ್ದ. ಬೆಳಿಗ್ಗೆ ವಾಕಿಂಗ್ ಹೋದಾಗ ಫುಟ್‌ಪಾತಿನ ಪಕ್ಕದ ಹೂಪಾತಿಯಲ್ಲಿ ಕಪ್ಪು ಪೈಪೊಂದು ಹಾವಿನ ಹಾಗೆ ಹೋಗುತ್ತಿರುವುದನ್ನು ಕಂಡು ಅದರ ಜಾಡು ಹಿಡಿದು ನಡೆದಿದ್ದಾರೆ. ಪ್ರತಿ ಗಿಡದ ಬುಡದಲ್ಲಿ ಒಂದು ತೂತು, ತೊಟ್ಟು ತೊಟ್ಟು ನೀರು. ಖರ್ಜೂರದ ಮರಕ್ಕೆ ಸುತ್ತು ಹಾಕಿದ ದಪ್ಪ ಪೈಪು. ಚರಂಡಿಯ ನೀರು ಶುದ್ಧ ಮಾಡಿ ಗಿಡಕ್ಕೆ ಬಿಡುವುದು ಅಲ್ಲಿನ ಪದ್ಧತಿ. ಪೈಪಿನ ಕೊನೆಯಲ್ಲಿ ಅದನ್ನು ರಿಪೇರಿ ಮಾಡುತ್ತಾ ಕೂತಿದ್ದವನು ನಿಜಾಮಾಬಾದಿನ ಕಡೆಯ ಹುಡುಗ, ತಲೆಗೆ ಮುಖಕ್ಕೆ ಬಟ್ಟೆ ಸುತ್ತಿ ಕಣ್ಣು ಮಾತ್ರ ಬಿಟ್ಟುಕೊಂಡಿದ್ದ. ಮಾವನ ಹರಕು ತೆಲುಗು, ಅವನ ಮುರುಕು ಹಿಂದಿ. ಇಬ್ಬರೂ ತೂತು ಕಟ್ಟಿಕೊಂಡ ಪೈಪನ್ನು ಬಾಯಿಂದ ಊದಿ ಸರಿಮಾಡಿದರಂತೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂದು ಅಲ್ಲಿ ಕಾನೂನಿದೆ. ನಾವಿದ್ದದ್ದು ಮೇಯಲ್ಲಿ. ಬಿಸಿಲಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲವಾದ್ದರಿಂದ ಮಧ್ಯಾಹ್ನ ಎರಡಕ್ಕೆ ನಾವು ಮಾಲಿನಲ್ಲಿ ಶಾಲು ಹೊದೆದು ಕೂತಿರುವಾಗ ಆ ಹುಡುಗ ಪಾತಿಯಲ್ಲೇ ಇರುತ್ತಿದ್ದ. ಹೂವಿನ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ಆಗ ಅವನು ಒಂದಿಷ್ಟು ಪಕ್ಕಕ್ಕೆ ಸರಿಯುತ್ತಾನೆ. ಅದು ಅವನಿಗೆ ಅಭ್ಯಾಸವಾಗಿತ್ತು.

ನನಗೆ ದುಬೈಯಲ್ಲಿ ನಿಜವಾಗಿ ಇಷ್ಟವಾದದ್ದು ಒಂದು ದಿರ್ಹಮಿನ ಸವಾರಿ. ಊರಿನ ಹಳೇ ಭಾಗವನ್ನು ಕಡಲಿನ ಒಂದು ಕವಲು ಎರಡು ಮಾಡುತ್ತದೆ, ಈಚೆ ಬರ್ ದುಬೈ, ಆಚೆ ದೇರಾ. ನಡುವೆ ಅಬ್ರಾ ಎಂಬ ಮರದ ದೋಣಿಗಳು. ಟಿಕೆಟ್ಟಿಲ್ಲ, ಕ್ಯೂ ಇಲ್ಲ; ನಡುವಿನ ಹಲಗೆಯ ಮೇಲೆ ಎರಡು ಸಾಲು ಜನ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು, ನಡು ನೀರಿನಲ್ಲಿ ಅಂಬಿಗನ ಕೈಗೆ ನಾಣ್ಯ ಕೊಡುವುದು. ಡೀಸೆಲ್ ವಾಸನೆ, ಉಪ್ಪುಗಾಳಿ, ಕಡಲಕಾಗೆಗಳು. ದಡದಲ್ಲಿ ಹಳೇ ಮರದ ಹಡಗುಗಳಿಗೆ ಫ್ರಿಜ್ಜು, ಟೈರು, ಈರುಳ್ಳಿ ಮೂಟೆ ಏರಿಸುತ್ತಿರುತ್ತಾರೆ. ಇಪ್ಪತ್ಮೂರು ರೂಪಾಯಿಗೆ ಇಷ್ಟು! ಗುಣಿಸಿದ ಮೇಲೂ ನಗು ಬಂದ ಒಂದೇ ಜಾಗ ಇದು.

ದಡ ಮುಟ್ಟುವಾಗ ಬಾಮೈದ ಒಂದು ಮಾತು ಹೇಳಿದ. ಈ ಕವಲು ಹೂಳು ತುಂಬಿ ಹಡಗು ಬಾರದಂತಾಗಿತ್ತಂತೆ. 1960ರ ಸುಮಾರಿಗೆ ಆಗಿನ ದೊರೆ ಶೇಖ್ ರಶೀದ್ ಕುವೈತಿನಿಂದ ಸಾಲ ತಂದು ಹೂಳೆತ್ತಿಸಿದ. ಎಣ್ಣೆ ಸಿಕ್ಕುವ ಮೊದಲೇ. ದೊಡ್ಡ ಹಡಗು ಬಂತು, ವ್ಯಾಪಾರ ಬಂತು. ಮಾವ ದೋಣಿಯಲ್ಲಿ ಎದ್ದು ನಿಲ್ಲಲು ಹೋದರು, ಅಂಬಿಗ ಗದರಿಸಿ ಕೂರಿಸಿದ. “ನೋಡಿದ್ಯಾ? ಮೊದಲು ಹೂಳು! ನಾನು ಸರ್ವೀಸಲ್ಲಿ ಎಷ್ಟು ಸಲ ಬರೆದು ಕಳಿಸಿದೆ, ಮೊದಲು ಹೂಳೆತ್ತಿ ಅಂತ. ನಮ್ಮವರು ಎತ್ತಿದ್ದು ಬಿಲ್ಲು ಮಾತ್ರ.”

ದೇರಾದ ಚಿನ್ನದ ಪೇಟೆಯಲ್ಲಿ ಹೆಂಗಸರಿಬ್ಬರೂ ಮೌನವಾದರು. ಗಾಜಿನ ಹಿಂದೆ ಒಂದು ಉಂಗುರ, ಗಿನ್ನೆಸ್ ದಾಖಲೆಯದು, ಒಟ್ಟು ಸುಮಾರು 64 ಕಿಲೋ. ಅದರೊಳಗೆ ಬೆರಳಲ್ಲ, ಇಡೀ ಮದುಮಗಳೇ ತೂರಿ ಬರಬಹುದು. ಓಣಿಯಲ್ಲಿ ಪ್ರತಿ ಹತ್ತು ಹೆಜ್ಜೆಗೊಬ್ಬ ಪಿಸುಮಾತಿನಲ್ಲಿ “ಕಾಪಿ ವಾಚ್, ಕಾಪಿ ಬ್ಯಾಗ್” ಎನ್ನುತ್ತಾನೆ. ನಾವು ನಮ್ಮೊಳಗೇ ಕನ್ನಡದಲ್ಲಿ “ಮಜೂರಿ ಜಾಸ್ತಿ ಹೇಳ್ತಿದಾನೆ, ಬೇಡ” ಅಂದುಕೊಂಡರೆ ಕೌಂಟರಿನ ಆಚೆಯಿಂದ “ಕಡಿಮೆ ಮಾಡಿಕೊಡುವಾ ಅಕ್ಕಾ, ಕೂತುಕೊಳ್ಳಿ” ಎಂದು ಅಚ್ಚ ಮಂಗಳೂರು ಕನ್ನಡ ಬಂತು. ಅಲ್ಲಿ ಯಾರನ್ನೂ ಬೈಯುವಂತಿಲ್ಲ. ತುಳು, ಬ್ಯಾರಿ, ಕೊಂಕಣಿ, ನವಾಯತಿ, ಯಾವುದರಲ್ಲಿ ಬೈದರೂ ಪಕ್ಕದಲ್ಲಿ ಅರ್ಥವಾಗುವವರು ಇರುತ್ತಾರೆ. ಊರಿನ ಜನರಲ್ಲಿ ಅಲ್ಲಿಯವರೇ ಆದವರು ಹತ್ತಕ್ಕೊಬ್ಬರ ಲೆಕ್ಕ, ಮಿಕ್ಕವರೆಲ್ಲ ಎಲ್ಲಿಂದಲೋ ಬಂದವರು. ಚಿನ್ನದ ಉತ್ಸಾಹಕ್ಕೆ ಬಾಮೈದನೇ ನೀರೆರಚಿದ. ಸುಂಕವಿಲ್ಲದೆ ಗಂಡಸರು 20 ಗ್ರಾಂ, ಹೆಂಗಸರು 40 ಗ್ರಾಂ ಒಡವೆ ತರಬಹುದೆನ್ನುವುದು ವರ್ಷಕ್ಕೂ ಮೇಲೆ ಹೊರದೇಶದಲ್ಲಿ ಇದ್ದು ಬರುವವರಿಗೆ. ವಾರಕ್ಕೆ ಬಂದು ಹೋಗುವವರಿಗಲ್ಲ. ನಾವು ಪಿಸ್ತಾ ತುಂಬಿದ ದುಬೈ ಚಾಕೊಲೇಟಿಗೆ ತೃಪ್ತರಾದೆವು. ಒಂದು ಕಟ್ಟಿನ ಬೆಲೆ ಗುಣಿಸಿದಾಗ, ಚಿನ್ನವೇ ವಾಸಿ ಇತ್ತೇನೋ ಅನ್ನಿಸಿತು.

ಹಿಂತಿರುಗುವ ದಿನ ಮೆಟ್ರೋದಲ್ಲಿ ಹೊರಟೆವು. ಡ್ರೈವರಿಲ್ಲದ ರೈಲು ಅದು. 2009ರ ಒಂಬತ್ತನೇ ತಿಂಗಳ ಒಂಬತ್ತನೇ ತಾರೀಖು ಶುರುವಾದದ್ದು. ಮಾವ ಅಡಿಕೆಯಿಲ್ಲದ ಬಾಯಿಗೆ ಒಂದು ಲವಂಗ ಹಾಕಿಕೊಂಡಿದ್ದರು. ಸೊಸೆ ಕಿವಿಯಲ್ಲಿ, “ಮಾವಾ, ಜಗೀಬೇಡಿ, ಇಲ್ಲಿ ಏನಾದ್ರೂ ತಿಂದ್ರೆ ನೂರು ದಿರ್ಹಮ್ ದಂಡ” ಅಂದಳು. 2,300 ರೂಪಾಯಿಯ ಲವಂಗ ಗಂಟಲಿನಲ್ಲಿ ಇಳಿಯಿತು.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೂಕಕ್ಕೆ ಹಾಕುವ ಸಾಲಿನಲ್ಲಿ ನಿಂತಿದ್ದಾಗ ಬಾಮೈದ 2024ರ ಏಪ್ರಿಲ್ 16ರ ಮಳೆಯ ಕಥೆ ತೆಗೆದ. ಮುಕ್ಕಾಲು ಶತಮಾನದ ದಾಖಲೆಯಲ್ಲೇ ಅಂಥ ಮಳೆ ಇರಲಿಲ್ಲ. ಅಲ್ ಐನ್ ಹತ್ತಿರ ಒಂದು ಕಡೆ ಒಂದು ದಿನದೊಳಗೆ 254.8 ಮಿಲಿಮೀಟರ್. ಆಗುಂಬೆಯವರಿಗೆ ಅದು ಆಷಾಢದ ಒಂದು ದಿನ, ಕೊಡೆ ಬಿಡಿಸಿ ಅಂಗಡಿಗೆ ಹೋಗಿ ಬರುತ್ತಾರೆ. ದುಬೈಯಲ್ಲಿ ಮಾತ್ರ ವಿಮಾನಗಳು ನೀರಿನಲ್ಲಿ ತೇಲಿದಂತೆ ನಿಂತವು, ಕಾರುಗಳು ಮುಳುಗಿದವು. ಮೋಡಬಿತ್ತನೆ ಮಾಡಿದ್ದಕ್ಕೇ ಹೀಗಾಯಿತೆಂದು ಜನ ಆಡಿಕೊಂಡರು. ಆ ಹೊತ್ತಿಗೆ ಬಿತ್ತನೆ ಮಾಡಿಯೇ ಇಲ್ಲ ಎಂದು ಹವಾಮಾನ ಇಲಾಖೆ ಸ್ಪಷ್ಟನೆ ಕೊಟ್ಟಿತು. ಮಾವನ ಕಣ್ಣು ಸಣ್ಣಗಾಯಿತು. ಬಂದಂದಿನಿಂದ ಅವರು ಹುಡುಕುತ್ತಿದ್ದ ಐಬು ಸಿಕ್ಕಿತ್ತು. “ಮೋಡ ಇರಲಿ ಬಿಡೋ. ಮಳೆಗಾಲುವೆ ಎಲ್ಲಿ? ಇಷ್ಟೆಲ್ಲ ಕಟ್ಟಿದಾರೆ, ನೀರು ಹೋಗೋಕೆ ಒಂದು ದಾರಿ ಬೇಡ್ವಾ? ನಮ್ಮ ಬೆಂಗಳೂರು ರಾಜಕಾಲುವೆ ನುಂಗಿ ಮುಳುಗುತ್ತೆ, ಇವರು ಕಾಲುವೆ ಸಾಲದೆ ಮುಳುಗಿದಾರೆ. ಇವರಿಗೂ ನಮಗೂ ಏನು ವ್ಯತ್ಯಾಸ?”

“ಅದಕ್ಕೇ ಅಪ್ಪಾ, ಆಮೇಲೆ ಎರಡೇ ತಿಂಗಳಿಗೆ ಹೊಸ ಯೋಜನೆ ಮಂಜೂರು ಮಾಡಿದಾರೆ, ತಸ್ರೀಫ್ ಅಂತ. ಇಡೀ ಊರಿಗೆ ಮಳೆನೀರು ಕಾಲುವೆ. 2033ರೊಳಗೆ ಮುಗೀಬೇಕಂತೆ. ಮೂರು ಸಾವಿರ ಕೋಟಿ ದಿರ್ಹಮ್.”

ಸಾಲು ಮುಂದಕ್ಕೆ ಸರಿಯಿತು, ಮಾವ ಸರಿಯಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಇಪ್ಪತ್ಮೂರರ ಮಗ್ಗಿ. “69,000 ಕೋಟಿ ರೂಪಾಯಿ!” ಅಂದರು. “ಮೋರಿಗೆ!” ಬುರ್ಜ್ ಖಲೀಫಾದ ಮೇಲೆ ಬಾರದ ಭಕ್ತಿ, ಚಿನ್ನದ ಉಂಗುರದ ಮುಂದೆ ಬಾರದ ಭಕ್ತಿ ಆ ಮುಖದಲ್ಲಿ ಬಂತು. ಹಿಂದಿನಿಂದ ಯಾರೋ ಟ್ರಾಲಿಯಲ್ಲಿ ತಿವಿದರು. ಮಾವ ಮಗನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

“ಮುಂದಿನ ಸಲ ಬಂದಾಗ ಅದನ್ನ ತೋರಿಸು. ಟಿಕೆಟ್ ಇದ್ರೂ ಪರವಾಗಿಲ್ಲ.”